ಕಣ್ಣು ಮಬ್ಬಾದರೆ ಕಾಲೂ ಹಿಂಜರಿಯುತ್ತದೆ

ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಹೋಗುವ ರೈಲಿನ ಕೊನೆಯ ನಿಲ್ದಾಣ ಮಾರಿಕುಪ್ಪಂ. 2001ರಲ್ಲಿ ಗಣಿ ಮುಚ್ಚಿದ ಬಳಿಕ ಇಲ್ಲಿಯ ಅನೇಕರು ದುಡಿಮೆಗಾಗಿ ದಿನವೂ ಬೆಂಗಳೂರಿಗೆ ಹೋಗಿಬರುತ್ತಾರೆ. ಅಂತಹ ಮನೆಗಳಲ್ಲಿ ಹಗಲಿಡೀ ಒಂಟಿಯಾಗುವ ಹಿರಿಯರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು. ಅದಕ್ಕೆ ಕಾಲಿನಷ್ಟೇ ಕಣ್ಣೂ ಬೇಕು.

‘ಅತ್ತೆ ಪತ್ರಿಕೆ ಓದುತ್ತಾರಲ್ಲ, ಕಣ್ಣು ಚೆನ್ನಾಗಿಯೇ ಇದೆ’ ಎನ್ನುತ್ತೀರಾ? ಬಿಳಿ ಹಾಳೆಯ ಕಪ್ಪು ಅಕ್ಷರ ಕಾಣುವುದು ಬೇರೆ, ಮಬ್ಬು ಬೆಳಕಿನಲ್ಲಿ ಸಿಮೆಂಟು ಮೆಟ್ಟಿಲಿನ ಅಂಚು ಕಾಣುವುದು ಬೇರೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ 306 ಮಹಿಳೆಯರ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಪೊರೆಯ ಶಸ್ತ್ರಚಿಕಿತ್ಸೆಗಾಗಿ ಕಾಯುತ್ತಿದ್ದವರಿಗಿಂತ, ಬೇಗನೆ ಮಾಡಿಸಿಕೊಂಡವರಲ್ಲಿ ಬೀಳುವ ಪ್ರಮಾಣ ಶೇ. 34ರಷ್ಟು ಕಡಿಮೆಯಾಗಿತ್ತು. ಆದ್ದರಿಂದ ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎಂದು ದಿನ ತಳ್ಳಬೇಡಿ, ವೈದ್ಯರಿಗೆ ತೋರಿಸಿ.

ದೂರಕ್ಕೂ ಓದಿಗೂ ಒಂದೇ ಕನ್ನಡಕವಿದ್ದರೆ, ಕೆಳಭಾಗದ ಗಾಜಿನಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಹೊರಗೆ ಓಡಾಡಲು ದೂರದ ಕನ್ನಡಕವನ್ನೇ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣದ ಪಟ್ಟಿ ಬಳಿಯಿರಿ. ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಒಂದು ದೀಪವಿರಲಿ. ನಡೆಯುವ ದಾರಿಯಲ್ಲಿ ಬಕೆಟ್ಟು, ಮಣೆ ಬಿಡಬೇಡಿ. ಬಿದ್ದ ಮೇಲೆ ಕೈಹಿಡಿದು ನಡೆಸುವುದಕ್ಕಿಂತ, ಅವರು ತಾವಾಗಿಯೇ ನಡೆಯುವಂತೆ ನೋಡಿಕೊಳ್ಳುವುದು ಹಿರಿಯರಿಗೆ ನಾವು ತೋರುವ ದೊಡ್ಡ ಗೌರವ.