ಕಡಲಾಚೆಯ ಅಂಗಳ

ಕಬಡ್ಡಿಯನ್ನು ಮೊದಲು ಆಡಿದವರಾರು, ಚಿಣ್ಣಿದಾಂಡನ್ನು ಕಂಡುಹಿಡಿದವರಾರು ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಕ್ಕಾದರೋ ಜನ್ಮದಾತನೊಬ್ಬನುಂಟು. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ ಈ ಆಟವನ್ನು ಆರಂಭಿಸಿದನು. ಅವನು 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದು ಅಲ್ಲಿಯೇ ನೆಲೆನಿಂತನು. ಅದೇ ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಸುಮಾರು ಎಂಬತ್ತು ವರ್ಷಗಳ ಅನಂತರ ಬೆಳಗಿದ ಪ್ರತಿಭೆ ಲಿನೆಟ್ ವುಡರ್ಡ್.

ವುಡರ್ಡ್ ಹುಟ್ಟಿದ್ದು 1959ರಲ್ಲಿ, ಕ್ಯಾನ್ಸಸ್ ಸಂಸ್ಥಾನದ ವಿಚಿಟಾ ನಗರದಲ್ಲಿ. ಬಾಲ್ಯದಲ್ಲಿ ಅಣ್ಣನೊಡನೆ ಕಾಲುಚೀಲಗಳನ್ನು ಉಂಡೆ ಕಟ್ಟಿ ಎಸೆಯುತ್ತಿದ್ದುದೇ ಆಕೆಯ ಮೊದಲ ಬ್ಯಾಸ್ಕೆಟ್‌ಬಾಲ್. ಶಿಕ್ಷಣಸಂಸ್ಥೆಗಳಲ್ಲಿ ಗಂಡು ಹೆಣ್ಣೆಂಬ ತಾರತಮ್ಯ ಸಲ್ಲದೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲಿ ಜಾರಿಗೆ ಬಂದಿತ್ತು. ಹುಡುಗಿಯರ ಆಟಕ್ಕೂ ಕಾಲೇಜುಗಳು ಹಣ ಒದಗಿಸತೊಡಗಿದ್ದ ಆ ದಿನಗಳಲ್ಲಿ, 1977ರಲ್ಲಿ, ಆಕೆ ಕ್ಯಾನ್ಸಸ್ ವಿಶ್ವವಿದ್ಯಾನಿಲಯವನ್ನು ಸೇರಿದಳು. ತರಬೇತುದಾರಳಾಗಿ ದೊರೆತವಳು ಮೇರಿಯನ್ ವಾಷಿಂಗ್ಟನ್. ನಾಲ್ಕು ವರ್ಷಗಳಲ್ಲಿ ವುಡರ್ಡ್ ಗಳಿಸಿದ ಅಂಕಗಳು 3,649. ಪಂದ್ಯವೊಂದಕ್ಕೆ ಸರಾಸರಿ 26ಕ್ಕೂ ಮಿಕ್ಕಿ. ದೂರದಿಂದ ಎಸೆದ ಚೆಂಡಿಗೆ ಮೂರು ಅಂಕಗಳನ್ನು ಕೊಡುವ ನಿಯಮ ಆಗ ಆಕೆಯ ಆಟಕ್ಕೆ ಇರಲಿಲ್ಲ. ಮಹಿಳೆಯರಿಗೆಂದು ತುಸು ಚಿಕ್ಕದಾದ ಚೆಂಡೂ ಬಂದಿರಲಿಲ್ಲ. ಗಂಡಸರು ಆಡುತ್ತಿದ್ದ ಅದೇ ದೊಡ್ಡ ಚೆಂಡು. ಈ ಸಂಗತಿಗಳನ್ನು ಮರೆತು ಅಂಕಗಳನ್ನಷ್ಟೇ ನೋಡುವುದು ನ್ಯಾಯವಲ್ಲ.

ಇಂತಹ ಆಟಗಾರ ಪುರುಷನಾಗಿದ್ದಿದ್ದರೆ ಪದವಿ ಮುಗಿಯುವುದೇ ತಡ, ಸ್ವದೇಶದ ವೃತ್ತಿಪರ ತಂಡಗಳು ಬಾಗಿಲಿಗೆ ಬರುತ್ತಿದ್ದವು. ವುಡರ್ಡ್‌ಗೆ ಆ ಬಾಗಿಲೇ ಇರಲಿಲ್ಲ. ಮಹಿಳೆಯರಿಗಾಗಿ 1978ರಲ್ಲಿ ಆರಂಭವಾಗಿದ್ದ ವೃತ್ತಿಪರ ಲೀಗೊಂದು ಹಣದ ಮುಗ್ಗಟ್ಟಿನಿಂದ ಮೂರೇ ಋತುಗಳಲ್ಲಿ ಸೊರಗಿ, ಆಕೆ ಕಾಲೇಜು ಆಟ ಮುಗಿಸಿದ 1981ರಲ್ಲಿಯೇ ಕಣ್ಣುಮುಚ್ಚಿತು. ಅದಕ್ಕೆ ಮುನ್ನ 1980ರ ಒಲಿಂಪಿಕ್ ತಂಡಕ್ಕೆ ಆಕೆ ಆಯ್ಕೆಯಾಗಿದ್ದಳು. ಆದರೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದುದನ್ನು ಪ್ರತಿಭಟಿಸಿ ಅಮೆರಿಕವು ಮಾಸ್ಕೋ ಕೂಟವನ್ನು ಬಹಿಷ್ಕರಿಸಿದುದರಿಂದ ಆ ಅವಕಾಶವೂ ಕೈತಪ್ಪಿತು. ಇಪ್ಪತ್ತೆರಡನೆಯ ವಯಸ್ಸಿಗೆ ಆಕೆಯ ಮುಂದಿದ್ದ ದಾರಿಗಳು ಎರಡೇ: ಆಟವನ್ನು ಬಿಡುವುದು, ಇಲ್ಲವೇ ದೇಶವನ್ನು ಬಿಡುವುದು.

ಆಕೆ ಉತ್ತರ ಇಟಲಿಯ ಸ್ಕಿಯೋ ಎಂಬ ಊರಿಗೆ ಹೊರಟಳು. ಉಣ್ಣೆಯ ನೆಯ್ಗೆಗೆ ಹೆಸರಾದ, ಆಲ್ಪ್ಸ್ ಬೆಟ್ಟಗಳ ತಪ್ಪಲಿನ ಚಿಕ್ಕ ಪಟ್ಟಣವದು. ಯುರೋಪಿನಲ್ಲಿ ಆಟದ ವ್ಯವಸ್ಥೆಯೇ ಬೇರೆ. ಅಲ್ಲಿ ತಂಡಗಳು ಕಾಲೇಜಿನವಲ್ಲ, ಊರಿನವು. ಊರಿನ ಕ್ಲಬ್ಬಿಗೆ ಯಾವುದಾದರೂ ವ್ಯಾಪಾರಸಂಸ್ಥೆ ಹಣ ಕೊಡುತ್ತದೆ. ತಂಡ ಆ ಸಂಸ್ಥೆಯ ಹೆಸರನ್ನು ಹೊತ್ತು ಆಡುತ್ತದೆ. ಹೊರದೇಶದ ಆಟಗಾರ್ತಿಯರು ಇಂತಿಷ್ಟೇ ಇರಬೇಕೆಂಬ ಮಿತಿಯೂ ಉಂಟು. ದುಡ್ಡು ಕೊಟ್ಟು ಕರೆಸಿಕೊಂಡ ಪರದೇಶಿಯ ಮೇಲೆ ಸಹಜವಾಗಿಯೇ ನಿರೀಕ್ಷೆಯ ಭಾರ ಹೆಚ್ಚು. ಅಂಕಗಳನ್ನೂ ಅವಳೇ ಗಳಿಸಬೇಕು, ಸೋತಾಗ ಮಾತನ್ನೂ ಅವಳೇ ಕೇಳಬೇಕು. ಭಾಷೆ ತಿಳಿಯದು, ಊಟ ಹೊಸದು, ಜೊತೆಯವರ ನಗೆಮಾತು ಅರ್ಥವಾಗದು. ಅಂಗಳದ ಗೆರೆಗಳು ಮಾತ್ರ ಎಲ್ಲಿಯಾದರೂ ಹೆಚ್ಚುಕಡಿಮೆ ಒಂದೇ.

1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ವುಡರ್ಡ್ ನಾಯಕಿಯಾಗಿದ್ದ ಅಮೆರಿಕದ ತಂಡ ಚಿನ್ನ ಗೆದ್ದಿತು. ಮರುವರ್ಷ, ಆಟದಲ್ಲಿ ಕಸರತ್ತು ಹಾಸ್ಯಗಳನ್ನು ಬೆರೆಸಿ ಲೋಕವನ್ನೆಲ್ಲ ರಂಜಿಸುತ್ತಿದ್ದ ‘ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್’ ತಂಡಕ್ಕೆ ಸೇರಿದ ಮೊದಲ ಮಹಿಳೆ ಎಂಬ ಕೀರ್ತಿ ಆಕೆಗೆ ದಕ್ಕಿತು. ಆಕೆಯ ಬಂಧುವಾದ ಹ್ಯೂಬರ್ಟ್ ಆಸ್ಬಿ ಆ ತಂಡದ ಹಳೆಯ ಹುಲಿ. ಆದರೂ ಅದು ಪ್ರದರ್ಶನ, ಸ್ಪರ್ಧೆಯಲ್ಲ. ಚಿನ್ನದ ಪದಕ ಗೆದ್ದ ನಾಯಕಿಗೆ ಸ್ಪರ್ಧೆಯಲ್ಲಿ ಆಡಿ ಬದುಕಲು ಸ್ವದೇಶದಲ್ಲಿ ಆಗಲೂ ಸ್ಥಳವಿರಲಿಲ್ಲವೆಂಬುದು ವಿಚಿತ್ರವೇ ಸರಿ. ಹೀಗಾಗಿ ಮತ್ತೆ ಇಟಲಿ, ಈ ಬಾರಿ ಸಿಸಿಲಿ ದ್ವೀಪದ ಪ್ರಿಯೋಲೋ. ಬಳಿಕ 1990ರಿಂದ ಜಪಾನ್. ಅಲ್ಲಿ ಆಕೆ ಆಡಿದ್ದು ದೈವಾ ಎಂಬ ಷೇರು ವಹಿವಾಟಿನ ಕಂಪನಿಯ ತಂಡದಲ್ಲಿ. ಜಪಾನಿನಲ್ಲಿ ಕಂಪನಿಯೇ ತಂಡದ ಯಜಮಾನ. ಸ್ಥಳೀಯ ಆಟಗಾರ್ತಿಯರಲ್ಲಿ ಅನೇಕರು ಅದೇ ಕಂಪನಿಯ ನೌಕರರಾಗಿರುವುದೂ ಉಂಟು. ಮುಂದೆ ವುಡರ್ಡ್ ನ್ಯೂಯಾರ್ಕಿನಲ್ಲಿ ಷೇರು ದಲ್ಲಾಳಿಯಾಗಿ ಕೆಲಸ ಮಾಡಿದಳು. ಆಟದ ಅಧ್ಯಾಯ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದಿರಬೇಕು.

1997ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ‘ಡಬ್ಲ್ಯೂ.ಎನ್.ಬಿ.ಎ.’ ಎಂಬ ಮಹಿಳಾ ಲೀಗ್ ಆರಂಭವಾಯಿತು. ಮೂವತ್ತೇಳು ವರ್ಷದ ವುಡರ್ಡ್ ಕ್ಲೀವ್‌ಲೆಂಡ್ ತಂಡದ ಅಂಗಿ ತೊಟ್ಟು, ತನಗಿಂತ ಹದಿನೈದು ವರ್ಷ ಕಿರಿಯರಾದವರೊಡನೆ ಅಂಗಳಕ್ಕಿಳಿದಳು. ಮರುವರ್ಷ ಡೆಟ್ರಾಯಿಟ್ ಪರವಾಗಿ ಆಡಿದಳು. ಅಷ್ಟರಲ್ಲಿ ಕಾಲುಗಳ ವೇಗದ ಬಹುಭಾಗ ಸಾಗರದಾಚೆ ವ್ಯಯವಾಗಿಹೋಗಿತ್ತು.

ಆ 3,649 ಅಂಕಗಳ ಕಥೆ ಇನ್ನೊಂದು. ಆಕೆ ಆಡುವಾಗ ಮಹಿಳೆಯರ ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುತ್ತಿದ್ದುದು ಅವರದೇ ಪ್ರತ್ಯೇಕ ಸಂಘ. 1981-82ರಲ್ಲಿ ಪುರುಷರ ಕ್ರೀಡಾಸಂಸ್ಥೆಯಾಗಿದ್ದ ‘ಎನ್.ಸಿ.ಎ.ಎ.’ ಮಹಿಳೆಯರ ಚಾಂಪಿಯನ್‌ಷಿಪ್‌ಗಳನ್ನೂ ನಡೆಸತೊಡಗಿದಾಗ ಹಳೆಯ ಸಂಘ ಅಳಿಯಿತು. ಅದರ ಕಾಲದ ದಾಖಲೆಗಳು ಹೊಸ ಸಂಸ್ಥೆಯ ಪುಸ್ತಕಕ್ಕೆ ಬಹುಕಾಲ ಸೇರಲಿಲ್ಲ. 2024ರ ಫೆಬ್ರವರಿ 28ರಂದು ಅಯೋವ ವಿಶ್ವವಿದ್ಯಾನಿಲಯದ ಕೇಟ್ಲಿನ್ ಕ್ಲಾರ್ಕ್ ಆ ಸಂಖ್ಯೆಯನ್ನು ದಾಟಿದಾಗ, ನಲವತ್ತಮೂರು ವರ್ಷ ನಿಂತಿದ್ದ ಅಂಕಗಳು ಯಾರವೆಂದು ಅಮೆರಿಕದ ಹೊಸ ತಲೆಮಾರು ಕೇಳಿ ತಿಳಿಯಿತು. ನಾಲ್ಕು ದಿನಗಳ ಬಳಿಕ ಅಯೋವದಲ್ಲಿ ನಡೆದ ಕ್ಲಾರ್ಕಳ ಪಂದ್ಯಕ್ಕೆ ವುಡರ್ಡ್ ಕೂಡ ಬಂದಿದ್ದಳು. ಮುಂದಿನ ತಿಂಗಳೇ ಇಂಡಿಯಾನದ ವೃತ್ತಿಪರ ತಂಡ ಕ್ಲಾರ್ಕಳನ್ನು ಆರಿಸಿಕೊಂಡಿತು. ಅವಳು ಕಡಲು ದಾಟಬೇಕಾಗಲಿಲ್ಲ.