ದುಡಿಮೆಯ ಹಾದಿ, ಪ್ರಾರ್ಥನೆಯ ಹಾದಿ

ಇಟಲಿಯ ಸಾರ್ಡೀನಿಯಾ ದ್ವೀಪಕ್ಕೂ ಧರ್ಮಸಭೆಗೂ ಪುರಾತನ ನಂಟಿದೆ. ಕ್ರಿ.ಶ. 235ರಲ್ಲಿ ರೋಮನ್ ಚಕ್ರವರ್ತಿ ಮ್ಯಾಕ್ಸಿಮಿನಸನು ಜಗದ್ಗುರು ಸಂತ ಪೊನ್ಸಿಯಾನರನ್ನು ಈ ದ್ವೀಪಕ್ಕೆ ಗಡೀಪಾರು ಮಾಡಿದನು. ಅಲ್ಲಿ ಅವರು ಗಣಿದುಡಿಮೆಯ ಶಿಕ್ಷೆಯನ್ನು ಅನುಭವಿಸಿದರೆಂಬುದು ಪರಂಪರೆಯ ಮಾತು. ದ್ವೀಪದ ನೈರುತ್ಯ ಭಾಗದಲ್ಲಿರುವ ಕಾರ್ಬೋನಿಯಾ ಪಟ್ಟಣದ ಮುಖ್ಯ ದೇವಾಲಯವು ಇವರ ಹೆಸರನ್ನೇ ಹೊತ್ತಿದೆ.

ಕಾರ್ಬೋನಿಯಾ ಕಲ್ಲಿದ್ದಲಿಗಾಗಿಯೇ ಹುಟ್ಟಿದ ಊರು. ವಿದೇಶಿ ಇಂಧನಕ್ಕೆ ಕೈಚಾಚಬಾರದೆಂಬ ಹಟದಿಂದ ಮುಸ್ಸೋಲಿನಿಯ ಸರ್ಕಾರ ಇದನ್ನು ಕಟ್ಟಿಸಿ, 1938ರ ಡಿಸೆಂಬರ್ 18ರಂದು ಉದ್ಘಾಟಿಸಿತು. ಪಕ್ಕದ ಸೆರ್ಬಾರಿಯು ಗಣಿಯ ಸುರಂಗಗಳ ಒಟ್ಟು ಉದ್ದ ಸುಮಾರು 100 ಕಿಲೋಮೀಟರ್. ಕಲ್ಲಿದ್ದಲನ್ನು ಆರಿಸುವ ಕೆಲಸದಲ್ಲಿ ಹೆಂಗಸರೂ ಇದ್ದರು. ಆದರೆ ಇಲ್ಲಿನ ಗಂಧಕಭರಿತ ಕಲ್ಲಿದ್ದಲು ಯುದ್ಧಾನಂತರ ಹೊರಗಿನಿಂದ ಬಂದ ಅಗ್ಗದ ಇಂಧನದೆದುರು ನಿಲ್ಲಲಾರದೆ ಹೋಯಿತು. 1964ರಲ್ಲಿ ಗಣಿಯ ಕೆಲಸ ನಿಂತಿತು. ಅನೇಕರು ಅನ್ನ ಅರಸಿ ಊರು ಬಿಟ್ಟರು. ಗಣಿಗೆ ನಡೆಯುವವರೇ ಇಲ್ಲದ ಮೇಲೆ ಹಾದಿಗೆ ಬೆಲೆಯೆಲ್ಲಿ?

ಈ ಸೀಮೆಯಲ್ಲಿ ಸೀಸ, ಸತುವಿನ ಗಣಿಗಳೂ ಒಂದರ ಹಿಂದೊಂದರಂತೆ ಮುಚ್ಚಿದವು. ಕಾರ್ಮಿಕರು ನಡೆದ ಕಾಲುಹಾದಿ, ಅದಿರು ಸಾಗಿಸಿದ ಬಂಡಿದಾರಿ, ಗಣಿರೈಲಿನ ಹಳೆಯ ಜಾಡು, ಇವನ್ನೆಲ್ಲ ಜೋಡಿಸಿ ಈಗ ಸುಮಾರು 500 ಕಿಲೋಮೀಟರುಗಳ ಯಾತ್ರಾಮಾರ್ಗವೊಂದು ರೂಪುಗೊಂಡಿದೆ. ಇಗ್ಲೇಸಿಯಾಸ್ ಪಟ್ಟಣದಿಂದ ಹೊರಟು, ಕಾರ್ಬೋನಿಯಾವನ್ನು ಹಾದು, ಮತ್ತೆ ಅಲ್ಲಿಗೇ ಮರಳುವ ಈ ಮಾರ್ಗಕ್ಕೆ ಗಣಿಕಾರ್ಮಿಕರ ಪಾಲಕಿಯಾದ ಸಂತ ಬಾರ್ಬರಾಳ ಹೆಸರಿಟ್ಟಿದ್ದಾರೆ. ಡಿಸೆಂಬರ್ 4 ಆಕೆಯ ಹಬ್ಬ. ಯಾತ್ರಿಕರು ತಂಗುದಾಣಗಳಲ್ಲಿ ತಮ್ಮ ಯಾತ್ರಾಪತ್ರಕ್ಕೆ ಮುದ್ರೆ ಒತ್ತಿಸಿಕೊಂಡು ಮುಂದೆ ಸಾಗುತ್ತಾರೆ. ಸೆರ್ಬಾರಿಯುವಿನಲ್ಲಿ ಕಾರ್ಮಿಕರು ದೀಪ ಪಡೆದು ಪಾತಾಳಕ್ಕಿಳಿಯುತ್ತಿದ್ದ ದೀಪದ ಮನೆ, 2006ರಲ್ಲಿ ತೆರೆದ ಕಲ್ಲಿದ್ದಲು ಸಂಗ್ರಹಾಲಯದ ಭಾಗವಾಗಿದೆ.

ಯಾತ್ರಿಕರ ಹೆಜ್ಜೆಗಳು ಗಣಿಯ ಕೂಲಿಯನ್ನು ಮರಳಿ ತರಲಾರವು. ಮುಚ್ಚಿದ ಗಣಿಗೆ ಸುಣ್ಣ ಬಳಿದು ನೋಟದ ತಾಣವಾಗಿಸಿದರೆ ವಲಸೆ ಹೋದವರ ಕಣ್ಣೀರು ಒರೆಸಿದಂತೆಯೂ ಆಗದು. ಆದರೂ ಹಾದಿ ಉಳಿದಿರುವುದರಿಂದ ಅವರ ದುಡಿಮೆಗೆ ಸಾಕ್ಷಿಯೊಂದು ಉಳಿದಿದೆ. ಬೆವರು ಸುರಿದ ನೆಲವೂ ಪವಿತ್ರವೆಂದು ಬಗೆದು ನಡೆಯುವವನಿಗೆ ಆ ಹಾದಿಯೇ ಪ್ರಾರ್ಥನೆ. ಆ ನೆನಪಿಲ್ಲದೆ ನಡೆದರೆ ಅದು ಬರಿಯ ವಿಹಾರವಾದೀತು. ನಮ್ಮ ಮನೆಗಳಲ್ಲಿಯೂ ಅನ್ನಕ್ಕಾಗಿ ದೂರ ನಡೆದ ಹಿರಿಯರಿದ್ದಾರೆ. ಅವರು ನಡೆದ ಹಾದಿ ಯಾವುದೆಂದು ನಮ್ಮ ಮಕ್ಕಳಿಗೆ ತಿಳಿದಿದೆಯೇ?