ಸಾಕುಗಿಳಿಯನ್ನು ಹೊರಗೆ ಕರೆದೊಯ್ಯುವ ಬಗೆ

ಗಿಳಿಯನ್ನು ಸಾಕಿರುವ ಮನೆಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರು ಕೆಲವರುಂಟು. ಜೀವಶಾಸ್ತ್ರದ ಪಾಠದಲ್ಲಿ ಪಕ್ಷಿಗಳ ವಿಷಯವು ಬಂದಾಗಲೆಲ್ಲಾ ಅವರು, "ನಮ್ಮ ಗಿಳಿಯನ್ನು ತೋಟಕ್ಕೆ ಕರೆದುಕೊಂಡು ಹೋಗಬಹುದೇ? ಹಾರಿಹೋಗದ ಹಾಗೆ ಅದಕ್ಕೆ ಏನನ್ನು ಕಟ್ಟಬೇಕು?" ಎಂದು ಕೇಳುವರು. ಮೈಸೂರಿನ ಮಕ್ಕಳಿಗೆ ಗಿಳಿಗಳ ಮೇಲೆ ಆಸೆ ಹುಟ್ಟುವುದು ಸಹಜವೇ ಸರಿ. ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವು 2017ರಲ್ಲಿ 468 ಜಾತಿಯ ಪಕ್ಷಿಗಳಿಂದ ಗಿನ್ನೆಸ್ ದಾಖಲೆಯನ್ನು ಪಡೆದ ಊರು ನಮ್ಮದು. ಆದರೆ ಕೈಯ ಮೇಲೆ ಗಿಳಿಯನ್ನು ಕೂರಿಸಿಕೊಂಡು ಬೀದಿಗೆ ಹೊರಡುವ ಮೊದಲು ತಿಳಿದಿರಬೇಕಾದ ಸಂಗತಿಗಳು ಅನೇಕ. ಅವುಗಳನ್ನು ಕ್ರಮವಾಗಿ ಇಲ್ಲಿ ವಿವರಿಸುವೆವು.

ಮೊದಲನೆಯದಾಗಿ, ಯಾವ ಗಿಳಿ ಎಂಬುದನ್ನು ವಿಚಾರಿಸಬೇಕು. ನಮ್ಮ ತೋಪುಗಳಲ್ಲಿ ಹಿಂಡುಹಿಂಡಾಗಿ ಹಾರುವ, ಕೊರಳಲ್ಲಿ ಕೆಂಪು ಗೆರೆಯುಳ್ಳ ಹಸಿರು ಗಿಳಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವಾಗಿದೆ. ಅಂಥ ಗಿಳಿಯು ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೇ ತಕ್ಕದ್ದು. ಅದಕ್ಕೆ ಹಾರ್ನೆಸ್ಸನ್ನು ಹುಡುಕುವ ಪ್ರಶ್ನೆಯೇ ಏಳದು. ಮನೆಗಳಲ್ಲಿ ಸಾಕಬಹುದಾದವು ಕಾಕಟೀಲ್, ಬಡ್ಜರಿಗಾರ್, ಆಫ್ರಿಕದ ಬೂದುಗಿಳಿ, ಮಕಾ ಮುಂತಾದ ಪರದೇಶದ ಜಾತಿಗಳು. ಇವುಗಳಲ್ಲಿಯೂ ಬೂದುಗಿಳಿ, ಮಕಾಗಳಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವವನ್ನು ಸಾಕುವವರು, ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ, ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು.

ಹೊರಗೆ ಕರೆದೊಯ್ಯುವುದರಿಂದ ಗಿಳಿಗೆ ಪ್ರಯೋಜನವುಂಟೇ? ಉಂಟು. ಬಿಸಿಲಿನ ನೇರಳಾತೀತ ಕಿರಣಗಳ ಸಹಾಯದಿಂದ ಹಕ್ಕಿಯ ಶರೀರವು ಡಿ ಜೀವಸತ್ತ್ವವನ್ನು ಉಂಟುಮಾಡಿಕೊಳ್ಳುತ್ತದೆ. ಅದರ ಬಲದಿಂದ ಸುಣ್ಣದ ಅಂಶವನ್ನು ಹೀರಿಕೊಳ್ಳುತ್ತದೆ. ಕಿಟಕಿಯ ಗಾಜು ಈ ಉಪಯುಕ್ತ ಕಿರಣಗಳ ಬಹುಭಾಗವನ್ನು ತಡೆದುಬಿಡುವುದರಿಂದ, ಗಾಜಿನ ಹಿಂದೆ ಇಟ್ಟ ಪಂಜರಕ್ಕೆ ಬೆಳಕು ಬಂದರೂ ಆ ಲಾಭ ಬರುವುದಿಲ್ಲ. ಬೂದುಗಿಳಿಗಳಲ್ಲಿ ರಕ್ತದ ಸುಣ್ಣದಂಶವು ಕುಗ್ಗುವ ರೋಗವು ಹೆಚ್ಚಾಗಿ ಕಾಣುವುದರಿಂದ ಅವಕ್ಕೆ ಬಿಸಿಲು ವಿಶೇಷವಾಗಿ ಬೇಕು.

ಆದರೆ ಬರಿಗೈಯಲ್ಲಿ ಒಯ್ಯುವುದು ಅಪಾಯ. ಸಾಕಿದ ಗಿಳಿ ಹಾರಿಹೋಗುವುದು ಪ್ರೀತಿ ಸಾಲದೆ ಅಲ್ಲ. ಮೋಟಾರಿನ ಸದ್ದಿಗೋ ಹದ್ದಿನ ನೆರಳಿಗೋ ಬೆದರಿ ಒಮ್ಮೆ ರೆಕ್ಕೆ ಬಡಿದರೆ, ಹೊರಗಿನ ದಾರಿಯನ್ನರಿಯದ ಅದು ಹಿಂದಿರುಗಲಾರದೆ ಎಲ್ಲಿಯೋ ಕುಳಿತುಬಿಡುತ್ತದೆ. 2022ರ ಜುಲೈ ತಿಂಗಳಲ್ಲಿ ತುಮಕೂರಿನ ಒಂದು ಕುಟುಂಬದ ಬೂದುಗಿಳಿಯು ಕಾಣೆಯಾದಾಗ ಮನೆಯವರು ಊರೆಲ್ಲಾ ಭಿತ್ತಿಪತ್ರಗಳನ್ನು ಅಂಟಿಸಿ 50,000 ರೂಪಾಯಿ ಬಹುಮಾನವನ್ನು ಸಾರಿದರು. ಕೆಲವು ದಿನಗಳ ಮೇಲೆ ಅದನ್ನು ತಂದೊಪ್ಪಿಸಿದವರಿಗೆ 85,000 ರೂಪಾಯಿಗಳನ್ನು ಕೊಟ್ಟರು. ಹೀಗೆ ಮರಳಿ ದೊರೆಯುವ ಭಾಗ್ಯ ಎಲ್ಲಾ ಗಿಳಿಗಳಿಗೂ ಇಲ್ಲ.

ರೆಕ್ಕೆಯ ಗರಿಗಳನ್ನು ಕತ್ತರಿಸಿದರೆ ಸಾಕೆಂದು ಹಲವರು ನಂಬಿರುವರು. ಗರಿ ಕತ್ತರಿಸಿದ ಗಿಳಿಯನ್ನೂ ಗಾಳಿಯ ಬೀಸು ಎತ್ತಿ ದೂರ ಒಯ್ಯಬಲ್ಲದು. ಗರಿಯುದುರಿ ಹೊಸದು ಬಂದಾಗ ಅದು ಯಾರಿಗೂ ಹೇಳದೆ ಹಾರಬಲ್ಲದು. ನೆಲಕ್ಕೆ ಬಿದ್ದರೆ ನಾಯಿ ಬೆಕ್ಕುಗಳಿಂದ ತಪ್ಪಿಸಿಕೊಳ್ಳಲಾರದು. ಕಾಲಿಗೆ ಸರಪಳಿ ಹಾಕುವ ಹಳೆಯ ರೂಢಿಯಂತೂ ಸರ್ವಥಾ ಕೂಡದು. ಹಕ್ಕಿಯ ಎಲುಬಿನ ಗೋಡೆ ಬಹು ತೆಳುವಾದುದು. ಬೆದರಿ ಹಾರಿದ ಗಿಳಿಯ ಇಡೀ ಮೈಯ ವೇಗವು ಸರಪಳಿಯ ತುದಿಯಲ್ಲಿ ಆ ಒಂದು ಕಾಲಿನ ಮೇಲೆ ಬಿದ್ದರೆ ಮೂಳೆ ಮುರಿಯುವುದು.

ಈ ದೋಷಗಳನ್ನು ತಪ್ಪಿಸುವುದಕ್ಕಾಗಿಯೇ ಹಾರ್ನೆಸ್ ಎಂಬುದನ್ನು ಮಾಡಿರುವರು. ಜಟಕಾ ಕುದುರೆಯ ಸಜ್ಜನ್ನು ನೋಡಿದವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುವುದು: ಎಳೆತವು ಒಂದೇ ಅಂಗದ ಮೇಲೆ ಬೀಳದೆ ಮೈಯ ಮೇಲೆಲ್ಲಾ ಹಂಚಿಹೋಗಬೇಕು. ಮೃದುವಾದ ಪಟ್ಟಿಯ ಒಂದು ಕುಣಿಕೆ ಕೊರಳನ್ನೂ, ಮತ್ತೊಂದು ರೆಕ್ಕೆಗಳ ಹಿಂದೆ ಮೈಯನ್ನೂ ಬಳಸಿರುತ್ತದೆ. ರೆಕ್ಕೆಗಳು ಪೂರ್ತಿಯಾಗಿ ಬಿಚ್ಚಿಕೊಳ್ಳಲು ಬಿಡುವಿರುತ್ತದೆ.

ಇದನ್ನು ಆರಿಸುವಾಗ ಮುಖ್ಯವಾಗಿ ನೆನಪಿಡಬೇಕಾದುದು ಹಕ್ಕಿಯ ಉಸಿರಾಟದ ರೀತಿ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಮಾಂಸದ ತೆರೆ ಹಕ್ಕಿಗಿಲ್ಲ. ಎದೆಯ ಮೂಳೆಯು ಮುಂದಕ್ಕೂ ಕೆಳಕ್ಕೂ ಚಲಿಸಿದಾಗ ಮಾತ್ರ ಅದರ ಗಾಳಿಚೀಲಗಳಿಗೆ ಗಾಳಿ ತುಂಬುತ್ತದೆ. ಆದಕಾರಣ ಮೂಗೂ ಬಾಯಿಯೂ ತೆರೆದಿದ್ದರೂ ಎದೆಯನ್ನು ಬಿಗಿದರೆ ಹಕ್ಕಿಯು ಉಸಿರುಕಟ್ಟಿ ಸಾಯುವುದು. ತಪ್ಪಿಸಿಕೊಳ್ಳದಿರಲೆಂದು ಬಿಗಿಮಾಡಿದ ಪಟ್ಟಿಯೇ ಕೊಲ್ಲಬಹುದು. ಸಡಿಲವಾದರೆ ಅದರಲ್ಲಿ ಕಾಲೋ ಕೊಕ್ಕೋ ಸಿಕ್ಕಿಕೊಳ್ಳಬಹುದು. ಅಳತೆ ಸರಿಯಿರುವುದೇ ಇಲ್ಲಿ ಎಲ್ಲಕ್ಕೂ ಹೆಚ್ಚಿನದು.

ಅಳತೆಗೆ ಗಿಳಿಯ ತೂಕವೇ ಆಧಾರ. ಅಂಗಡಿಯವರು ಕಣ್ಣಳತೆಯಲ್ಲಿ ಕೊಟ್ಟುದನ್ನು ಕೊಳ್ಳದೆ, ಗ್ರಾಮುಗಳನ್ನು ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ಗಿಳಿಯನ್ನು ತೂಗಿ, ಆ ತೂಕಕ್ಕೆ ಹೇಳಿದ ಹಾರ್ನೆಸ್ಸನ್ನೇ ಕೇಳಬೇಕು. ಕಾಕಟೀಲ್ ಸುಮಾರು 80ರಿಂದ 100 ಗ್ರಾಂ, ಬೂದುಗಿಳಿ 400ರಿಂದ 500 ಗ್ರಾಂ, ನೀಲಿಹಳದಿ ಮಕಾ ಸುಮಾರು 1 ಕಿಲೋಗ್ರಾಂ ತೂಗುವುವು. 30–40 ಗ್ರಾಂ ತೂಗುವ ಬಡ್ಜರಿಗಾರಿನ ಪುಟ್ಟ ಮೈಗೆ ಪಟ್ಟಿ ಕಟ್ಟದಿರುವುದೇ ಲೇಸು. ಅದನ್ನು ಪಂಜರದಲ್ಲಿಯೇ ಒಯ್ಯಬೇಕು.

ಬಕಲುಗಳಿಲ್ಲದೆ ಒಂದೇ ಪಟ್ಟಿಯಿಂದ ಮಾಡಿ ಹಿಗ್ಗಿಸಿ ಕುಗ್ಗಿಸಬಹುದಾದ ಹಾರ್ನೆಸ್ ಮೇಲು. ಗಿಳಿಯ ಕೊಕ್ಕು ಪ್ಲಾಸ್ಟಿಕ್ ಬಕಲನ್ನು ಒಡೆದುಹಾಕುವುದು; ಅಗ್ಗದ ಲೋಹದ ಕೊಂಡಿಗಳಲ್ಲಿರುವ ಸತುವು ಗಿಳಿಗೆ ವಿಷ. ಹಗ್ಗವು ಕೊರಳಿನ ಕುಣಿಕೆಯಿಂದ ಹೊರಡಕೂಡದು, ಮೈಯನ್ನು ಬಳಸಿದ ಪಟ್ಟಿಯಿಂದ ಹೊರಡಬೇಕು. ಹಠಾತ್ತನೆ ಹಾರಿದಾಗ ಜಗ್ಗುವ ಪೆಟ್ಟನ್ನು ನುಂಗಿಕೊಳ್ಳುವಂತೆ ಅದರಲ್ಲಿ ಎಲಾಸ್ಟಿಕ್ ಭಾಗವಿರಬೇಕು. ಉದ್ದ ಹಗ್ಗ ಕರುಣೆಯೆಂದು ತೋರಬಹುದು. ಆದರೆ ಉದ್ದವಾದಷ್ಟೂ ಹಕ್ಕಿಯ ವೇಗ ಹೆಚ್ಚಿ ತುದಿಯಲ್ಲಿ ಬೀಳುವ ಪೆಟ್ಟೂ ಹೆಚ್ಚುತ್ತದೆ.

ತೊಡಿಸಿದ ಮೇಲೆ ಪಟ್ಟಿಯ ಅಡಿಯಲ್ಲಿ ದೊಡ್ಡ ಗಿಳಿಗಾದರೆ ಕಿರುಬೆರಳು, ಕಾಕಟೀಲಿಗಾದರೆ ಒಂದು ಪೆನ್ಸಿಲು ಸಲೀಸಾಗಿ ತೂರುವಂತಿರಲಿ. ರೆಕ್ಕೆಯ ಬುಡದಲ್ಲಿ ಚರ್ಮ ಉಜ್ಜಿ ಕೆಂಪಾಗಿದೆಯೋ ನೋಡಬೇಕು. ಗಿಳಿಯು ಬಾಯ್ತೆರೆದು ಉಸಿರಾಡಿದರೆ, ಇಲ್ಲವೆ ಉಸಿರಿಗೊಮ್ಮೆ ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ತಡಮಾಡದೆ ತೆಗೆದುಬಿಡಬೇಕು. ಪ್ರತಿ ಸಲವೂ ಹೊಲಿಗೆಯನ್ನು ಪರೀಕ್ಷಿಸಿ, ಎಳೆ ಕಚ್ಚಿಹೋಗಿದ್ದರೆ ಅದನ್ನು ಬಿಸಾಡಬೇಕು.

ಒಳ್ಳೆಯ ಹಾರ್ನೆಸ್ಸನ್ನು ಕೊಂಡ ದಿನವೇ ಗಿಳಿಯನ್ನು ಅದುಮಿ ಹಿಡಿದು ತೊಡಿಸುವುದು ತರವಲ್ಲ. ಹಾಗೆ ಮಾಡಿದರೆ ಅದು ಪಟ್ಟಿಗೂ, ಪಟ್ಟಿ ಹಿಡಿದ ಕೈಗೂ ಹೆದರಲು ಕಲಿಯುವುದು. ನಮ್ಮ ದಸರಾ ಆನೆಗಳನ್ನು ನೋಡಿರಿ. 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊರುವ ಮೊದಲು ಅವುಗಳಿಗೆ ವಾರಗಟ್ಟಲೆ ಮರಳಿನ ಮೂಟೆಗಳನ್ನು ಹೊರಿಸಿ ಭಾರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವರು. ಫಿರಂಗಿಯ ಶಬ್ದಕ್ಕೂ ಮುಂದಾಗಿಯೇ ಒಗ್ಗಿಸುವರು. ಅಷ್ಟು ಬಲಶಾಲಿಯಾದ ಪ್ರಾಣಿಗೇ ಅಷ್ಟು ತಾಳ್ಮೆ ಬೇಕಾದರೆ, ಅಂಗೈಯಗಲದ ಹಕ್ಕಿಗೆ ಬೇಡವೇ? ಮೊದಲ ಕೆಲವು ದಿನ ಹಾರ್ನೆಸ್ಸು ಕಣ್ಣಿಗೆ ಬೀಳುವಂತೆ ಇದ್ದರೆ ಸಾಕು. ಅನಂತರ ಕುಣಿಕೆಯ ಆಚೆ ಒಂದು ಸೂರ್ಯಕಾಂತಿ ಬೀಜವನ್ನು ಹಿಡಿದು, ಗಿಳಿಯು ತಾನಾಗಿ ತಲೆಯನ್ನು ತೂರಿಸುವ ತನಕ ಕಾಯಬೇಕು. ಆಮೇಲೆ ಒಂದೊಂದು ರೆಕ್ಕೆ. ಆಮೇಲೆ ಮನೆಯೊಳಗೆ ಐದು ನಿಮಿಷ. ದಿನಕ್ಕೆ ಕೆಲವೇ ನಿಮಿಷಗಳ ಈ ಅಭ್ಯಾಸಕ್ಕೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು.

ಹೊರಗೆ ಹೋದಾಗ ಹಗ್ಗದ ತುದಿ ಮಣಿಕಟ್ಟಿನಲ್ಲಿರಲಿ. ಗೂಟಕ್ಕೋ ಬೆಂಚಿಗೋ ಕಟ್ಟಿ ಅತ್ತ ಸರಿಯಕೂಡದು, ಹಾರಿದ ಗಿಳಿ ತಲೆಕೆಳಗಾಗಿ ನೇತಾಡುವುದು. ಹದ್ದುಗಳು ಸುತ್ತುವ ಬಯಲನ್ನೂ, ವಿದ್ಯುತ್ ತಂತಿಗಳಿರುವ ಬೀದಿಯನ್ನೂ, ದಸರಾ ದಿನಗಳ ಜನಜಂಗುಳಿಯನ್ನೂ ಬಿಟ್ಟು, ಬೆಳಗಿನ ತಂಪು ಹೊತ್ತಿನಲ್ಲಿ ಮನೆಯ ಹಿತ್ತಿಲಿನಿಂದಲೇ ಆರಂಭಿಸುವುದು ಉತ್ತಮ. ಗಿಳಿಗೆ ಬೆವರಿಲ್ಲ, ಮಾರ್ಚ್, ಏಪ್ರಿಲ್ ತಿಂಗಳುಗಳ ಬಿಸಿಲಿನಲ್ಲಿ ಅದು ಬಾಯ್ತೆರೆದು ರೆಕ್ಕೆಯನ್ನು ಮೈಯಿಂದ ದೂರ ಹಿಡಿದರೆ ನೆರಳಿಗೆ ಒಯ್ಯಬೇಕು. ಹಕ್ಕಿಜ್ವರದ ಸುದ್ದಿ ಬಂದ ಕಾಲದಲ್ಲಿ ಹೊರಡಲೇಬಾರದು. 2017ರ ಜನವರಿಯಲ್ಲಿ ಈ ಜ್ವರದ ನಿಮಿತ್ತ ನಮ್ಮ ಮೃಗಾಲಯವೇ ಸುಮಾರು ಒಂದು ತಿಂಗಳು ಮುಚ್ಚಿತ್ತು.

ಎಷ್ಟು ಕಲಿಸಿದರೂ ಹಾರ್ನೆಸ್ಸನ್ನು ಒಲ್ಲದ ಗಿಳಿಗಳುಂಟು. ಅವನ್ನು ಒತ್ತಾಯಪಡಿಸದೆ, ಗಟ್ಟಿಯಾದ ಚಿಲಕವುಳ್ಳ ಸಣ್ಣ ಪಂಜರದಲ್ಲಿ ಹಿತ್ತಿಲಿಗೆ ಒಯ್ದು, ಅರ್ಧ ಭಾಗಕ್ಕೆ ನೆರಳು ಮಾಡಿ, ಪಕ್ಕದಲ್ಲಿಯೇ ಕುಳಿತಿದ್ದರೆ ಬಿಸಿಲೂ ಗಾಳಿಯೂ ಅವಕ್ಕೆ ದೊರೆಯುವುವು. ಹಕ್ಕಿಗೆ ಬೇಕಾದುದು ಇಷ್ಟೇ. ಕೈಯ ಮೇಲೆ ಗಿಳಿಯನ್ನು ಕೂರಿಸಿಕೊಂಡು ಬೀದಿಯಲ್ಲಿ ನಡೆಯುವ ಸಂತೋಷ ನಮ್ಮದೇ ಹೊರತು ಅದರದಲ್ಲ. ಬಾಯಿಲ್ಲದ ಜೀವವನ್ನು ಮನೆಗೆ ತಂದವರು ಅದರ ಇಚ್ಛೆಯನ್ನು ಅದರ ನಡತೆಯಿಂದಲೇ ಓದಿಕೊಳ್ಳಬೇಕು. ಕುಣಿಕೆಯ ಮುಂದೆ ಗಿಳಿಯು ಹಿಂದಕ್ಕೆ ಸರಿದರೆ ಅದು ಉತ್ತರವನ್ನು ಕೊಟ್ಟಿತೆಂದು ತಿಳಿದು, ಆ ದಿನಕ್ಕೆ ಪಟ್ಟಿಯನ್ನು ಎತ್ತಿಡುವ ಬಾಲಿಕೆಯ ಕೈಯಲ್ಲಿ ಯಾವ ಹಕ್ಕಿಯೂ ಕ್ಷೇಮವಾಗಿರುವುದು.